ವಾಟ್ಸ್ಆ್ಯಪ್‌ನಲ್ಲಿ ಬಂದ ಲೋಗೋ

"ಲೋಗೋ ಕಳಿಸಿದ್ದೀನಿ, ನೋಡಿ" ಅಂತ ಗ್ರಾಹಕರಿಂದ ಮೆಸೇಜ್ ಬರುತ್ತೆ. ತೆಗೆದರೆ 240 ಪಿಕ್ಸೆಲ್ ಅಗಲದ ಜೆಪೆಗ್. ಹಿಂದೆ ಬಿಳಿ ಡಬ್ಬಿ, ಅಕ್ಷರಗಳ ಸುತ್ತ ಧೂಳು ಮೆತ್ತಿದ ಹಾಗೆ ಕಲೆ. ಕೆಲಸ ಏನಪ್ಪಾ ಅಂದರೆ ಹತ್ತು ಅಡಿ ಬ್ಯಾನರ್. 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 240 ಪಿಕ್ಸೆಲ್ ಅಂದರೆ ಕಾಗದದ ಮೇಲೆ ಒಂದು ಇಂಚೂ ಇಲ್ಲ, 0.8 ಇಂಚು. ಫೋಟೋಶಾಪ್‌ನಲ್ಲಿ 72 ಇದ್ದದ್ದನ್ನು 300 ಅಂತ ತಿದ್ದಿದರೆ ಆಯ್ತಲ್ಲ ಅನ್ನುವವರಿದ್ದಾರೆ. ತಿದ್ದಿ ನೋಡಿ, ಅದೇ ಮಸುಕು ಇನ್ನಷ್ಟು ಪಿಕ್ಸೆಲ್‌ಗಳಲ್ಲಿ ಕೂರುತ್ತೆ, ಅಷ್ಟೇ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ "ಸರ್, ವೆಕ್ಟರ್ ಫೈಲ್ ಇದೆಯಾ?" ಅಂತ ಕೇಳುತ್ತಿದ್ದೆ. ವೆಕ್ಟರ್ ಅಂದರೆ ಪಿಕ್ಸೆಲ್ ಅಲ್ಲ, ಗೆರೆಗಳಲ್ಲಿ ಬರೆದದ್ದು, ಎಷ್ಟು ದೊಡ್ಡದು ಮಾಡಿದರೂ ಮಸುಕಾಗಲ್ಲ. ಈಗ ಕೇಳಲ್ಲ. ಆ ಪದ ಅವರಿಗೆ ಗೊತ್ತಿರಲ್ಲ, ಗೊತ್ತಿಲ್ಲ ಅನ್ನುವುದಕ್ಕೆ ಸಂಕೋಚ. ಅದೇ ಜೆಪೆಗ್ಗನ್ನು ವರ್ಡ್‌ನಲ್ಲಿ ಅಂಟಿಸಿ ಪಿಡಿಎಫ್ ಮಾಡಿ ಕಳಿಸುತ್ತಾರೆ. ಒಬ್ಬರು ವೆಕ್ಟರ್ ಬರೆಯುವ ಇಲಸ್ಟ್ರೇಟರ್ ಸಾಫ್ಟ್‌ವೇರ್‌ನ ಎಐ (.ai) ಫೈಲನ್ನೇ ಕಳಿಸಿದ್ದರು, ಖುಷಿಯಾಗಿ ತೆರೆದರೆ ಒಳಗೆ ಅದೇ ಜೆಪೆಗ್ ಮಲಗಿತ್ತು. ಹಾಗಾಗಿ ಎಂಥ ಫೈಲ್ ಬಂದರೂ ಮೊದಲು ಇಲಸ್ಟ್ರೇಟರ್‌ನಲ್ಲಿ ತೆರೆದು ಕಂಟ್ರೋಲ್ ವೈ ಒತ್ತಿ. ಔಟ್‌ಲೈನ್ ನೋಟದಲ್ಲಿ ಅಕ್ಷರಗಳ ಗೆರೆ ಕಂಡರೆ ಅಸಲಿ. ಬರೀ ಒಂದು ಆಯತ ಕಂಡರೆ ಒಳಗಿರುವುದು ಚಿತ್ರ. ಪಿಡಿಎಫ್ ಆದರೆ ಜೂಮ್ ಮಾಡುತ್ತಾ ಹೋಗಿ. ಎಷ್ಟು ಹತ್ತಿರ ಹೋದರೂ ಅಂಚು ಹರಿತವಾಗೇ ಇರಬೇಕು.

ಈಗ ನಾನು ಕೇಳುವುದು ಅವರಿಗೆ ಉತ್ತರ ಗೊತ್ತಿರುವ ಪ್ರಶ್ನೆ: "ನಿಮ್ಮ ಬೋರ್ಡ್ ಮಾಡಿಕೊಟ್ಟವರು ಯಾರು? ಅವರ ನಂಬರ್ ಸಿಗುತ್ತಾ?" ವಿನೈಲ್ ಕತ್ತರಿಸುವ ಯಂತ್ರ ಗೆರೆ ಹಿಡಿದೇ ಓಡುವುದು, ಪಿಕ್ಸೆಲ್ ಕೊಟ್ಟರೆ ಓಡಲ್ಲ. ಅಂಥ ಬೋರ್ಡ್ ಮಾಡಿದವರ ಹತ್ತಿರ ಯಾವುದೋ ಹಳೇ ಕೋರೆಲ್‌ಡ್ರಾ (ಇದೂ ವೆಕ್ಟರ್ ಬರೆಯುವ ಸಾಫ್ಟ್‌ವೇರ್) ಫೈಲ್ ಇದ್ದೇ ಇರುತ್ತೆ. ಆಮೇಲೆ "ಹಿಂದೆ ಪ್ರಿಂಟ್‌ಗೆ ಹೋದ ಬ್ರೋಷರ್ ಪಿಡಿಎಫ್ ಇದ್ದರೆ ಕಳಿಸಿ" ಅನ್ನಿ. ಅದರ ಮೂಲೆಯಲ್ಲಿ ಬೆರಳಗಲ ಇರುವ ಲೋಗೋ ಎಷ್ಟೋ ಸಲ ಅಪ್ಪಟ ವೆಕ್ಟರ್ ಆಗಿರುತ್ತೆ. ಇಂಕ್‌ಸ್ಕೇಪ್ ಅನ್ನುವ ವೆಕ್ಟರ್ ಸಾಫ್ಟ್‌ವೇರ್‌ನಲ್ಲಿ ಆ ಪುಟ ತೆರೆದು ಎತ್ತಿಕೊಳ್ಳಿ. ಅವರ ವೆಬ್‌ಸೈಟ್‌ನ ಸೋರ್ಸ್‌ನಲ್ಲಿ ಎಸ್‌ವಿಜಿ (svg, ವೆಬ್‌ನ ವೆಕ್ಟರ್ ಫೈಲ್) ಅಂತ ಹುಡುಕುವುದಕ್ಕೆ ಎರಡು ನಿಮಿಷ ಸಾಕು. ಲೆಟರ್‌ಹೆಡ್ ವರ್ಡ್ ಫೈಲ್ ಸಿಕ್ಕರೆ ಒಂದು ನಕಲು ಮಾಡಿಕೊಂಡು, ಫೈಲ್ ಹೆಸರಿನ ಕೊನೆಯ .docx ತೆಗೆದು .zip ಅಂತ ಬದಲಿಸಿ ಬಿಚ್ಚಿ. ಒಳಗೆ ವರ್ಡ್ ಫೋಲ್ಡರ್, ಅದರೊಳಗೆ ಮೀಡಿಯಾ ಫೋಲ್ಡರ್. ಅಲ್ಲಿ ದೊಡ್ಡ ಪಿಎನ್‌ಜಿ, ಅದೃಷ್ಟ ಇದ್ದರೆ ಇಎಂಎಫ್ (ವಿಂಡೋಸ್‌ನ ವೆಕ್ಟರ್ ಫೈಲ್) ಕೂಡ ಸಿಗುತ್ತೆ.

ಹಳೇ ಕೋರೆಲ್ ಫೈಲ್ ಸಿಕ್ಕಿತು ಅಂತ ಹಿಗ್ಗಬೇಡಿ. ಹೆಸರು ಕನ್ನಡದಲ್ಲಿದ್ದು ಅಕ್ಷರಗಳನ್ನು ಕರ್ವ್ ಮಾಡಿಲ್ಲದಿದ್ದರೆ, ಅಂದರೆ ಫಾಂಟ್ ಬೇಡದ ಗೆರೆಗಳಾಗಿ ಬದಲಿಸಿಲ್ಲದಿದ್ದರೆ, ತೆರೆದ ಕೂಡಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಫೈಲ್ ಕೆಟ್ಟಿಲ್ಲ, ಅದು 'ನುಡಿ' ಅಥವಾ 'ಬರಹ' ಸಾಫ್ಟ್‌ವೇರ್‌ನ ಹಳೇ ಫಾಂಟ್ ಕೇಳುತ್ತಿದೆ. ಅದೇ ಫಾಂಟ್ ಹಾಕಿಕೊಂಡು, ಹೆಸರು ಸರಿಯಾಗಿ ಕಂಡ ಮೇಲೆ ಕರ್ವ್ ಮಾಡಿ. ಸುಲಭ ಅಂತ ಯೂನಿಕೋಡ್ ಫಾಂಟ್‌ನಲ್ಲಿ ಹೊಸದಾಗಿ ಟೈಪ್ ಮಾಡಿದರೆ ಒತ್ತಕ್ಷರಗಳ ತಿರುವು ಬೇರೆಯಾಗುತ್ತೆ, ನೀವು ಗಮನಿಸದಿದ್ದರೂ ಮಾಲೀಕರು ಗಮನಿಸುತ್ತಾರೆ.

ಎಲ್ಲೂ ಸಿಗಲಿಲ್ಲವಾ? ಹಾಗಾದರೆ ಮತ್ತೆ ಬರೆಯಬೇಕು. ಬರೆಯುವ ಮೊದಲೇ "ಇದು ಬೇರೆ ಕೆಲಸ, ಬೇರೆ ಚಾರ್ಜು" ಅಂತ ಕೊಟೇಷನ್‌ನಲ್ಲಿ ಪ್ರತ್ಯೇಕ ಸಾಲು ಹಾಕಿ. ಎಷ್ಟೋ ಸಲ ಆ ಸಾಲು ನೋಡಿದ ಮೇಲೆ ಒರಿಜಿನಲ್ ಫೈಲ್ ತಾನಾಗಿಯೇ ಸಿಗುತ್ತೆ.

ಇಮೇಜ್ ಟ್ರೇಸ್ (ಚಿತ್ರವನ್ನು ತಾನಾಗೇ ಗೆರೆ ಮಾಡುವ ಇಲಸ್ಟ್ರೇಟರ್ ಸೌಲಭ್ಯ) ಒತ್ತಿ ಮುಗಿಸೋಣ ಅಂತ ಕೈ ತುರಿಸುತ್ತೆ. ದೊಡ್ಡ, ಶುಭ್ರ, ಕಪ್ಪು ಬಿಳುಪಿನ ಸ್ಕ್ಯಾನ್ ಇದ್ದರೆ ಒತ್ತಿ, ಬೇಡ ಅನ್ನಲ್ಲ. ಆದರೆ 240 ಪಿಕ್ಸೆಲ್ಲಿನ ಮಸುಕಿಗೆ ಒತ್ತಿದರೆ ನಾಲ್ಕು ಬಿಂದುವಿನಲ್ಲಿ ಮುಗಿಯಬೇಕಾದ ವೃತ್ತಕ್ಕೆ ಅರವತ್ತು ಬಿಂದು ಬಂದು ಆಲೂಗಡ್ಡೆ ಆಗುತ್ತೆ. ಕನ್ನಡ ಅಕ್ಷರದ ಕಥೆ ಇನ್ನೂ ಕಷ್ಟ. 'ಥ'ದ ಹೊಟ್ಟೆಯ ಚುಕ್ಕಿಯನ್ನು ನಾಯ್ಸ್ (ಕಸ) ಅಂತ ಒರೆಸಿಬಿಡುತ್ತೆ. 'ಧ'ದ ಕೆಳಗಿನ ಸಣ್ಣ ಸೀಳು ಮಸುಕಿನಲ್ಲಿ ಕರಗಿ 'ದ' ಆಗುತ್ತೆ. ಹಣಕಾಸಿನವರ ಲೋಗೋದಲ್ಲಿ 'ಧನ' ಹೋಗಿ 'ದನ' ಬಂದದ್ದನ್ನು ನಾನು ಪ್ರೂಫ್‌ನಲ್ಲಿ ಹಿಡಿದೆ, ಪುಣ್ಯಕ್ಕೆ. ಚಿತ್ರ ದೊಡ್ಡದು ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಟೂಲ್‌ಗಳೂ ಇಷ್ಟೇ: ಇಲ್ಲದ ಗೆರೆಯನ್ನು ಊಹಿಸಿ ಬರೆಯುತ್ತವೆ, ಅದೂ ನೀಟಾಗಿ, ತಪ್ಪು ಕಣ್ಣಿಗೇ ಬೀಳದ ಹಾಗೆ.

ಕೈಯಲ್ಲೇ ಬರೆಯಿರಿ. ಚಿತ್ರವನ್ನು ಕೆಳಗಿನ ಲೇಯರ್‌ನಲ್ಲಿಟ್ಟು, ಅರ್ಧ ಮಂಕು ಮಾಡಿ, ಲಾಕ್ ಮಾಡಿ. ವೃತ್ತ, ಚೌಕ ಇರುವ ಕಡೆ ಟೂಲ್‌ನಿಂದಲೇ ಹಾಕಿ. ಫಾಂಟ್ ಯಾವುದೆಂದು ಗುರುತು ಸಿಕ್ಕರೆ ಟೈಪ್ ಮಾಡಿ ಮೇಲಿಟ್ಟು ತಾಳೆ ನೋಡಿ. ಉಳಿದದ್ದಕ್ಕೆ ಪೆನ್ ಟೂಲ್. ತಿರುವಿನ ತೀರಾ ಮೇಲೆ, ತೀರಾ ಕೆಳಗೆ, ಎಡ ಬಲದ ತುದಿಗಳಲ್ಲಿ ಮಾತ್ರ ಬಿಂದು ಇಡಿ, ಶಿಫ್ಟ್ ಹಿಡಿದು ಹ್ಯಾಂಡಲ್ ನೇರ ಎಳೆಯಿರಿ. ಬಣ್ಣವನ್ನು ಜೆಪೆಗ್‌ನಿಂದ ಐಡ್ರಾಪರ್‌ನಲ್ಲಿ ಹೀರಬೇಡಿ, ಒಂದೇ ಕೆಂಪಿನಲ್ಲಿ ಹತ್ತು ಕೆಂಪು ಸಿಗುತ್ತೆ. ಅವರಿಗೆ ಒಪ್ಪಿಗೆಯಾಗಿದ್ದ ಹಳೇ ಮುದ್ರಿತ ಕಾರ್ಡ್ ತರಿಸಿಕೊಂಡು, ಶೇಡ್ ಕಾರ್ಡ್ ಪಕ್ಕ ಇಟ್ಟು ಆರಿಸಿ.

ಒಂದು ಮಾತ್ರ ಮಾಡಬೇಡಿ: ಲೋಗೋವನ್ನು ತಿದ್ದಬೇಡಿ. ನಾನು ಒಮ್ಮೆ ತಿದ್ದಿದೆ. ಸುತ್ತಲಿನ ಉಂಗುರ ಕೊಂಚ ಚಪ್ಪಟೆ ಇತ್ತು, ಫೈಲ್ ಎಳೆದಾಡಿ ಹಾಗಾಗಿರಬೇಕು ಅಂದುಕೊಂಡು ದುಂಡಗೆ ಮಾಡಿದೆ. ಲೆಟರ್‌ಹೆಡ್ ಅಚ್ಚಾಗಿ ಎಂಬಾಸಿಂಗ್‌ಗೆ (ಕಾಗದ ಒತ್ತಿ ಉಬ್ಬಿಸುವುದಕ್ಕೆ) ಹೋಯಿತು. ಅವರ ಹಳೇ ಡೈ (ಒತ್ತುವ ಲೋಹದ ಅಚ್ಚು) ಚಪ್ಪಟೆ ಉಂಗುರದ್ದೇ. ನನ್ನ ದುಂಡು ಉಂಗುರದ ಮೇಲೆ ಅದು ಒತ್ತಿದಾಗ ಎಡಬಲದಲ್ಲಿ ಎರಡೆರಡು ಅಂಚು ಎದ್ದವು, ಕಣ್ಣು ಮಂಜಾದವರಿಗೂ ಕಾಣುವ ಹಾಗೆ. ಇಡೀ ಕಟ್ಟು ನನ್ನ ಖರ್ಚಿನಲ್ಲಿ ಮತ್ತೆ ಅಚ್ಚಾಯಿತು. ಅಂದಿನಿಂದ ಸೊಟ್ಟ ಇದ್ದರೆ ಸೊಟ್ಟಗೇ ಬರೆಯುತ್ತೇನೆ. ಹಳೆಯದು ಹೊಸದು ಅಕ್ಕಪಕ್ಕ ಇಟ್ಟು ಕಳಿಸಿ, "ಸರಿ ಇದೆ" ಅಂತ ಬರಹದಲ್ಲಿ ಬರುವ ತನಕ ಮುಂದಿನ ಕೆಲಸ ಮುಟ್ಟಲ್ಲ.

ಒಪ್ಪಿದ ಮೇಲೆ ಪಿಡಿಎಫ್, ಎಸ್‌ವಿಜಿ, ಹಿನ್ನೆಲೆ ಇಲ್ಲದ 3000 ಪಿಕ್ಸೆಲ್ ಪಿಎನ್‌ಜಿ, ಒಂದೇ ಬಣ್ಣದ್ದೊಂದು, ಕಪ್ಪು ಹಿನ್ನೆಲೆಗೆ ಬಿಳಿದೊಂದು ಕೊಡಿ. ಫೈಲ್ ಹೆಸರಿನಲ್ಲೇ 'ಪ್ರಿಂಟ್‌ಗೆ', 'ವೆಬ್‌ಗೆ' ಅಂತ ಬರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ.