ಒಟ್ಟಿಗೆ ಸಿಕ್ಕ ಕಲ್ಗೊಡಲಿಗಳನ್ನು ನಾನು ನೋಡುವ ಬಗೆ

ಬಳ್ಳಾರಿ ಕಡೆ ಹೊಲದಲ್ಲಿ ಒಂದೇ ಕಡೆ ನಾಲ್ಕಾರು ಕಲ್ಲಿನ ಕೊಡಲಿ ಸಿಕ್ಕರೆ ಎಲ್ಲರ ಮೊದಲ ಪ್ರಶ್ನೆ, "ಯಾಕೆ ಹೂತಿಟ್ರು?" ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಹೂತಿಟ್ಟಿದ್ದೇ ನಿಜವಾ ಅನ್ನೋದು ಮೊದಲು ಗೊತ್ತಾಗಬೇಕಲ್ವಾ?

ಇದಕ್ಕೆ ಕಾರಣ ಇದೆ. ಉಳುವಾಗ ಸಿಕ್ಕ ಹಳೇ ಕೊಡಲಿಗಳನ್ನು ನಮ್ಮ ಜನ ಮರದ ಕಟ್ಟೆ ಮೇಲೆ, ಅಮ್ಮನ ಗುಡಿ ಪಕ್ಕ ಇಟ್ಟು ಪೂಜೆ ಮಾಡುತ್ತಾರೆ. ಕಟ್ಟೆ ಕುಸಿದು ಮಣ್ಣು ಮುಚ್ಚಿದರೆ, ಅದೂ ನವಶಿಲಾಯುಗದವರು ಬಚ್ಚಿಟ್ಟ ಗಂಟಿನ ಹಾಗೇ ಕಾಣುತ್ತದೆ. ಅಂಥದ್ದೊಂದು ಗುಂಪು ನನ್ನ ಕೈಗೆ ಬಂದಿತ್ತು. ಭೂತಗನ್ನಡಿಯಲ್ಲಿ ನೋಡಿದೆ. ಕುಟ್ಟಿ ಆಕಾರ ಕೊಟ್ಟಾಗ ಬಿದ್ದ ಸಣ್ಣ ಗುಳಿಗಳಲ್ಲಿ ಕುಂಕುಮದ ಕೆಂಪು, ಅದರ ಮೇಲೆ ಕಪ್ಪಾದ ಎಣ್ಣೆ ಜಿಡ್ಡು. ಒಂದರ ಸಂದಿಯಲ್ಲಿ ಎರೆಮಣ್ಣು, ಇನ್ನೊಂದರಲ್ಲಿ ಕೆಂಪು ಮಣ್ಣು, ಮತ್ತೊಂದರ ಒಂದೇ ಮಗ್ಗುಲಿಗೆ ಸುಣ್ಣದ ಪದರ. ಬೇರೆ ಬೇರೆ ಹೊಲದಿಂದ ಬಂದು ಒಂದೆಡೆ ಸೇರಿದ ಕಲ್ಲುಗಳು ಅವು. ಪಟ್ಟಿಯಲ್ಲಿ "ಗುಡಿಯ ಸಂಗ್ರಹ" ಅಂತ ಬರೆದೆ. ಅದೇನೂ ಕಡಿಮೆ ಬೆಲೆಯದ್ದಲ್ಲ, ಅದೂ ಚರಿತ್ರೆಯೇ.

ಒಂದೇ ಗುಂಡಿಯ ಮಣ್ಣು ಎಲ್ಲಕ್ಕೂ ಅಂಟಿದ್ದರೆ ಆಗ ಕೆಲಸದ ಹಂತ ನೋಡಿ ಜೋಡಿಸುತ್ತೇನೆ: ಬರೀ ಚಕ್ಕೆ ಎಬ್ಬಿಸಿದ್ದು, ಕುಟ್ಟಿದ್ದು, ಉಜ್ಜಿ ನಯ ಮಾಡಿದ್ದು, ಬಳಸಿ ಬಾಯಿ ಸವೆದದ್ದು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಡೊಲರೈಟ್ ಅನ್ನೋ ಗಟ್ಟಿ ಕಪ್ಪು ಕಲ್ಲಿನ ಕೊಡಲಿ ಮಾಡುವ ದೊಡ್ಡ ಕಮ್ಮಟವೇ ಇತ್ತು. ಅಲ್ಲಿನ ರಾಶಿ ರಾಶಿ ಚಕ್ಕೆಗಳನ್ನು ನೋಡಿದವರಿಗೆ ಈ ಹಂತಗಳು ಕೈಗೇ ಗೊತ್ತಾಗುತ್ತವೆ. ಅರೆಬರೆ ಕೊಡಲಿಗಳ ಜೊತೆ ಅವಕ್ಕೇ ಕೂಡಿಕೊಳ್ಳುವ ಚಕ್ಕೆಗಳೂ ಇದ್ದರೆ ಕೆಲಸ ಅಲ್ಲೇ ನಡೆದಿದೆ. ಚಕ್ಕೆಯೇ ಇಲ್ಲದೆ ಅರೆಬರೆ ಕೊಡಲಿಗಳು ಒತ್ತೊತ್ತಾಗಿ ಕೂತಿದ್ದರೆ, ಆಮೇಲೆ ಬಂದು ತೆಗೆದುಕೊಳ್ಳೋಣ ಅಂತ ಚೀಲದಲ್ಲಿ ಇಟ್ಟಿರಬಹುದು.

"ಪೂಜೆಗೆ ಹೂತಿದ್ದು" ಅಂತ ಸುಮ್ನೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ಮೊಂಟಾನಾದಲ್ಲಿ 1968ರಲ್ಲಿ ಸಿಕ್ಕ ಆನ್ಜಿಕ್ ಗುಂಪಿನಲ್ಲಿ ಕ್ಲೋವಿಸ್ ಕಾಲದ, ಅಂದರೆ ಸುಮಾರು 13,000 ವರ್ಷ ಹಿಂದಿನ, ನೂರಕ್ಕೂ ಹೆಚ್ಚು ಉಪಕರಣಗಳ ಜೊತೆ ಪುಟ್ಟ ಮಗುವಿನ ಮೂಳೆ ಇತ್ತು, ಕೆಂಪು ಕಾವಿ ಹಚ್ಚಿತ್ತು. ಅಲ್ಲಿ ಆ ಮಾತು ಒಪ್ಪುತ್ತದೆ. 2008ರಲ್ಲಿ ಕೊಲೊರಾಡೊದ ಬೌಲ್ಡರ್‌ನಲ್ಲಿ ಮನೆಯಂಗಳ ಅಗೆಯುವಾಗ ಸಿಕ್ಕ 83 ಕಲ್ಲಿನ ಉಪಕರಣಗಳ ಜೊತೆ ಮೂಳೆಯೂ ಇಲ್ಲ, ಕಾವಿಯೂ ಇಲ್ಲ. ಕೆಲವದರ ಮೇಲೆ ಆ ಕಾಲಕ್ಕೆ ಅಲ್ಲಿದ್ದ ಕುದುರೆ, ಒಂಟೆಯ ರಕ್ತದ ಪ್ರೋಟೀನ್ ಗುರುತು ಸಿಕ್ಕಿತ್ತು. ಅವನ್ನು ನಾನು ಬಳಕೆಯ ಸಾಮಾನು ಅಂತಲೇ ಓದುತ್ತೇನೆ.

ನಿಮ್ಮ ಹೊಲದಲ್ಲಿ ಸಿಕ್ಕರೆ ದಯವಿಟ್ಟು ತೊಳೆಯಬೇಡಿ. ಎತ್ತುವ ಮೊದಲೇ ಫೋಟೋ ತೆಗೆಯಿರಿ. ಯಾವ ಮಗ್ಗುಲು ಮೇಲಿತ್ತು ಅಂತ ಗುರುತು ಹಾಕಿ, ಸುತ್ತಲ ಮಣ್ಣು ಒಂದು ಹಿಡಿ ಚೀಲಕ್ಕೆ ಹಾಕಿಡಿ. ಆಮೇಲೆ ಪುರಾತತ್ವ ಇಲಾಖೆಗೆ ತಿಳಿಸಿ.