ಕೊಬ್ಬು ಸಾಗಿಸುವ ಜೀನ್: ಇಲಿಯಲ್ಲಿ ಹುಡುಕುವುದು ಹೇಗೆ?

ಕೊಬ್ಬು ನೀರಿನಲ್ಲಿ ಕರಗದು, ಹಾಗಾಗಿ ರಕ್ತದಲ್ಲಿ ತಾನಾಗಿ ಸಾಗದು. ಸಣ್ಣ ಕರುಳು ಮತ್ತು ಯಕೃತ್ತಿನ ಕೋಶಗಳು ಅದನ್ನು ಪ್ರೋಟೀನಿನೊಂದಿಗೆ ಸೇರಿಸಿ ಕಣಗಳಾಗಿ ಕಟ್ಟಿ ಕಳುಹಿಸುತ್ತವೆ. ಆ ಕಟ್ಟುವ ಕೆಲಸಕ್ಕೆ ಎಂಟಿಪಿ ಎಂಬ ಪ್ರೋಟೀನ್ ಬೇಕೇ ಬೇಕು. ಮನುಷ್ಯರಲ್ಲಿ ಇದರ ಜೀನ್ ಕೆಟ್ಟರೆ ಅಬೀಟಾಲಿಪೊಪ್ರೋಟೀನೀಮಿಯಾ ಎಂಬ ಅಪರೂಪದ ರೋಗ ಬರುತ್ತದೆಂದು 1990ರ ದಶಕದ ಆರಂಭದಲ್ಲಿ ತಿಳಿಯಿತು. ಇಲಿಯಲ್ಲಿ ಅದಕ್ಕೆ ಸಮನಾದ ಜೀನನ್ನು ಹಿಡಿಯುವ ಅಂದಿನ ವಿಧಾನ ಹೀಗಿತ್ತು.

ಮೊದಲು ಯಕೃತ್ತಿನಿಂದ ಆರ್‌ಎನ್‌ಎ, ಅಂದರೆ ಜೀನ್ ದುಡಿಯುವಾಗ ತಯಾರಾಗುವ ಅದರ ಪ್ರತಿ, ತೆಗೆಯಿರಿ. ಜೀನ್ ದುಡಿಯುವ ಅಂಗವನ್ನೇ ಆರಿಸಬೇಕು. ಮೆದುಳಿನಲ್ಲಿ ಹುಡುಕಿದರೆ ಶ್ರಮ ವ್ಯರ್ಥ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದಿಂದ ಅದನ್ನು ಡಿಎನ್‌ಎ ಪ್ರತಿಗಳಾಗಿಸಿ ಬ್ಯಾಕ್ಟೀರಿಯಾಕ್ಕೆ ತಗಲುವ ಫೇಜ್ ವೈರಸ್‌ಗಳಿಗೆ ಸೇರಿಸಿದರೆ ಪ್ರತಿಗಳ ಸಂಗ್ರಹ ಸಿದ್ಧ.

ಈ ಫೇಜ್‌ಗಳನ್ನು ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಹರಡಿ. ಬ್ಯಾಕ್ಟೀರಿಯಾ ಸತ್ತ ಕಡೆ ತಿಳಿಯಾದ ಚುಕ್ಕೆಗಳು ಮೂಡುತ್ತವೆ. ತಟ್ಟೆಗೆ ನೈಲಾನ್ ಪೊರೆ ಒತ್ತಿ ಅಚ್ಚು ತೆಗೆದು, ವಿಕಿರಣಶೀಲ ರಂಜಕ-32 ಸೇರಿಸಿದ ಮನುಷ್ಯರ ಜೀನ್ ತುಣುಕಿನೊಂದಿಗೆ ನೆನೆಸಿಡಿ. ತನ್ನನ್ನು ಹೋಲುವ ಜೀನ್ ಇದ್ದ ಕಡೆ ಆ ತುಣುಕು ಅಂಟಿಕೊಳ್ಳುತ್ತದೆ. ಎರಡು ಜೀವಿಗಳ ಜೀನ್ ತದ್ರೂಪವಲ್ಲ. ಆದ್ದರಿಂದ ಪೊರೆಯನ್ನು ತೊಳೆಯುವಾಗ ಶಾಖ ತಗ್ಗಿಸಿ, ಉಪ್ಪಿನ ಪ್ರಮಾಣ ಹೆಚ್ಚಿಸಿ. ಬಿಗಿಯಾಗಿ ತೊಳೆದರೆ ನಿಜವಾದ ಅಂಟೂ ಬಿಟ್ಟುಹೋಗುತ್ತದೆ. ನಂತರ ಪೊರೆಯ ಮೇಲೆ ಎಕ್ಸ್-ರೇ ಫಿಲ್ಮ್ ಇಡಿ, ತುಣುಕು ಅಂಟಿದ ಜಾಗ ವಿಕಿರಣದಿಂದ ಕಪ್ಪಾಗುತ್ತದೆ. ಒಂದೇ ಅಚ್ಚನ್ನು ನಂಬಬೇಡಿ. ಪ್ರತಿ ತಟ್ಟೆಯಿಂದ ಎರಡು ತೆಗೆದು, ಎರಡರಲ್ಲೂ ಅದೇ ಜಾಗದಲ್ಲಿ ಕಪ್ಪಾದ ಚುಕ್ಕೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಧೂಳೂ ಕಪ್ಪಾಗಿಯೇ ಕಾಣುತ್ತದೆ. ಆ ಫೇಜನ್ನು ಮತ್ತೆ ವಿರಳವಾಗಿ ಬೆಳೆಸಿ ಒಂಟಿ ಚುಕ್ಕೆ ಸಿಗುವವರೆಗೆ ಸೋಸಿ, ಅನುಕ್ರಮ ಓದಿ, ಮನುಷ್ಯರದಕ್ಕೆ ಹೋಲಿಸಿ.

ಜೀನ್ ಯಾವ ಕ್ರೋಮೋಸೋಮಿನಲ್ಲಿದೆ ಎಂಬುದನ್ನು ತಿಳಿಯಲು ಸೂಕ್ಷ್ಮದರ್ಶಕ ಬೇಡ, ಇಲಿಮರಿಗಳು ಸಾಕು. ನನ್ನ ಮಟ್ಟಿಗೆ ಇಡೀ ಕೆಲಸದ ಜಾಣತನ ಇಲ್ಲಿಯೇ ಇದೆ. ಪ್ರಯೋಗಾಲಯದ ಸಿ57 ತಳಿಯನ್ನು ಮುಸ್ ಸ್ಪ್ರೆಟಸ್ ಎಂಬ ದೂರದ ಸಂಬಂಧಿಯೊಂದಿಗೆ ಕೂಡಿಸಿ. ಹುಟ್ಟುವ ಗಂಡುಗಳು ಬಂಜೆ, ಹೆಣ್ಣುಗಳನ್ನು ಸ್ಪ್ರೆಟಸ್ ಗಂಡಿಗೆ ಮತ್ತೆ ಕೂಡಿಸಿ. ಡಿಎನ್‌ಎ ತುಂಡರಿಸುವ ಕತ್ತರಿ ಕಿಣ್ವವೊಂದು ಎರಡು ಜಾತಿಗಳ ಜೀನನ್ನು ಬೇರೆ ಬೇರೆ ಉದ್ದದಲ್ಲಿ ಕತ್ತರಿಸಬೇಕು. ಅಂಥದ್ದು ಸಿಕ್ಕರೆ, ಮರಿಗೆ ತಾಯಿಯಿಂದ ಯಾವ ಪ್ರತಿ ಬಂತೆಂದು ತುಂಡುಗಳ ಉದ್ದ ನೋಡಿಯೇ ಹೇಳಬಹುದು.

ಈಗ ಎಣಿಕೆ. ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರವಿರುವ ಜೀನ್‌ಗಳು ತಾಯಿಯಿಂದ ಮರಿಗೆ ಬಹುತೇಕ ಒಟ್ಟಿಗೇ ಹೋಗುತ್ತವೆ, ದೂರವಿದ್ದಷ್ಟೂ ಹೆಚ್ಚು ಬೇರೆಯಾಗುತ್ತವೆ. ನೆಲೆ ಗೊತ್ತಿರುವ ಗುರುತೊಂದು (ಬೇರೊಂದು ಡಿಎನ್‌ಎ ತುಣುಕು) ನಮ್ಮ ಜೀನಿನೊಂದಿಗೆ ಎಷ್ಟು ಮರಿಗಳಲ್ಲಿ ಬೇರೆಯಾಗಿದೆ? ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದ ಇಂಥ ಒಂದು ಸಮೂಹದಲ್ಲಿ 94 ಮರಿಗಳಿದ್ದವು. ಎರಡರಲ್ಲಿ ಬೇರೆಯಾದರೆ ಅಂತರ ಸುಮಾರು 2.1 ಸೆಂಟಿಮಾರ್ಗನ್, ಅಂದರೆ ನೂರು ಮರಿಗಳಿಗೆ 2.1ರಷ್ಟು. ಇಲಿಯಲ್ಲಿ ಒಂದು ಸೆಂಟಿಮಾರ್ಗನ್ ಎಂದರೆ ಸರಾಸರಿ 20 ಲಕ್ಷ ಡಿಎನ್‌ಎ ಅಕ್ಷರಗಳು. ಗುರುತಿನೊಂದಿಗೆ ಅರ್ಧಕ್ಕರ್ಧ ಮರಿಗಳಲ್ಲಿ ಬೇರೆಯಾದರೆ ಅವೆರಡೂ ಹತ್ತಿರದಲ್ಲಿಲ್ಲ ಎಂದರ್ಥ, ಆ ಗುರುತು ಬಿಟ್ಟು ಬೇರೆಯದನ್ನು ಹಿಡಿಯಿರಿ.

ಎಂಟಿಪಿಯ ಜೀನ್ ಇಲಿಯ 3ನೇ ಕ್ರೋಮೋಸೋಮಿನಲ್ಲಿದೆ. ಮನುಷ್ಯರಲ್ಲಿ 4ನೆಯದರ ಉದ್ದ ತೋಳಿನಲ್ಲಿದೆ. ಈ ಎರಡು ಭಾಗಗಳ ನೆರೆಹೊರೆಯ ಜೀನ್‌ಗಳೂ ಬಹುಮಟ್ಟಿಗೆ ಅವೇ. ಲೆಕ್ಕ ಇದಕ್ಕೆ ಹೊಂದದಿದ್ದರೆ, ಕೈಗೆ ಸಿಕ್ಕಿದ್ದು ಕೆಲಸ ಮಾಡದ ಸತ್ತ ನಕಲು ಜೀನ್ ಇರಬಹುದೆಂದು ಶಂಕಿಸಿ. 2002ರಲ್ಲಿ ಇಲಿಯ ಜೀನೋಮ್ ಪ್ರಕಟವಾದ ಮೇಲೆ ನೆಲೆ ಹುಡುಕಲು ಕಂಪ್ಯೂಟರ್ ಸಾಕು. ಆದರೆ ಜೀನ್ ಏನು ಮಾಡುತ್ತದೆಂದು ತಿಳಿಯಲು ಅದನ್ನು ಕೆಡಿಸಿಯೇ ನೋಡಬೇಕು, ಎಂಟಿಪಿಯ ಎರಡೂ ಪ್ರತಿ ಕೆಟ್ಟ ಇಲಿಗಳು ಭ್ರೂಣದಲ್ಲೇ ಸಾಯುತ್ತವೆ. ಹಾಗಾಗಿ ಯಕೃತ್ತಿನಲ್ಲಷ್ಟೇ ಅದನ್ನು ಕೆಡಿಸುವ ದಾರಿ ಹಿಡಿಯಬೇಕಾಯಿತು.