ಹೋಯಾ ಬಳ್ಳಿ ಮನೆಯೊಳಗೆ ಹೂ ಬಿಡಬೇಕಾದರೆ

ಹೋಯಾ ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ, ಹೂ ಬಿಡದೆ ಕೂರುವುದು ಬೆಳಕು ಸಾಲದೆ. ಬೆಳೆಸುವವರು ಎರಡಕ್ಕೂ ಗೊಬ್ಬರದ ಅಂಗಡಿಗೆ ಹೋಗುತ್ತಾರೆ.

ನರ್ಸರಿಯಲ್ಲಿ ವ್ಯಾಕ್ಸ್ ಪ್ಲಾಂಟ್ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಹೋಯಾ ಕಾರ್ನೋಸಾ. ದಪ್ಪ ಎಲೆ, ಮೇಣ ಸವರಿದಂಥ ಹೊಳಪು. ತಿಳಿಗುಲಾಬಿ ಬಣ್ಣದ ಹೂಗಳು ಸಂಕ್ರಾಂತಿಯ ಸಕ್ಕರೆ ಅಚ್ಚಿನಷ್ಟು ಗಟ್ಟಿಯಾಗಿ, ನಡುವೆ ಇನ್ನೊಂದು ಪುಟ್ಟ ನಕ್ಷತ್ರ ಹೊತ್ತು, ಗೊಂಚಲಾಗಿ ಅರಳುತ್ತವೆ. ಪರಿಮಳ ಸಂಜೆಯ ಮೇಲೆ ಏರುತ್ತದೆ. ಇದು ಎಕ್ಕದ ಕುಟುಂಬದ ಗಿಡ. ತೊಟ್ಟು ಮುರಿದರೆ ಹಾಲು ಬರುತ್ತದೆ, ಅದು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಕಾರ್ನೋಸಾದ ತವರು ದಕ್ಷಿಣ ಚೀನಾ, ತೈವಾನ್ ಕಡೆ. ಪಶ್ಚಿಮ ಘಟ್ಟದಲ್ಲೂ ಹೋಯಾ ವೈಟಿಯೈ ಮುಂತಾದ ಕಾಡು ಹೋಯಾಗಳಿವೆ (ಅವನ್ನು ಕಿತ್ತು ತರಬೇಡಿ). ಇವುಗಳಲ್ಲಿ ಹೆಚ್ಚಿನವು ಸೀತಾಳೆ ದಂಡೆಯ ಹಾಗೆ ಮರದ ತೊಗಟೆ ಹಿಡಿದು ಬೆಳೆಯುತ್ತವೆ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ, ಬರೀ ಆಸರೆ ಪಡೆಯುತ್ತವೆ. ಬೇರಿಗೆ ಮಳೆ ಬಂದಾಗ ನೀರು, ನಿಂತ ಮೇಲೆ ಗಾಳಿ. ಕುಂಡದಲ್ಲೂ ಹೀಗೇ ಆಗಬೇಕು. ತೋಟದ ಕೆಂಪು ಮಣ್ಣು ತುಂಬಿದರೆ ಅದು ಗಟ್ಟಿಕಟ್ಟಿ ಗಾಳಿ ನಿಲ್ಲುತ್ತದೆ, ಬೇರು ಕೊಳೆಯುತ್ತದೆ.

ಮಿಶ್ರಣಕ್ಕೆ ತೆಂಗಿನ ಸಿಪ್ಪೆಯ ಚೂರು 2 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) 1 ಪಾಲು, ಇದ್ದಿಲಿನ ಚೂರು ಮತ್ತು ಎರೆಗೊಬ್ಬರ ತಲಾ ಅರ್ಧ ಪಾಲು. ಪರ್ಲೈಟ್ ಸಿಗದಿದ್ದರೆ ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು ಆದೀತು, ಪುಡಿಯನ್ನು ಮಾತ್ರ ಜರಡಿ ಹಿಡಿದು ತೆಗೆಯಿರಿ. ಸಿಪ್ಪೆ ಮತ್ತು ಕೋಕೋಪೀಟಿನಲ್ಲಿ ಉಪ್ಪಿನಂಶ ಇರಬಹುದು. ಒಂದು ರಾತ್ರಿ ನೆನೆಸಿ, ಎರಡು ಸಲ ತೊಳೆದು ಹಿಂಡಿ ಬಳಸಿ.

ಕುಂಡ ಚಿಕ್ಕದಿರಲಿ. 4 ಇಂಚಿನದರಲ್ಲಿ ಬೇರು ತುಂಬಿ ತಳದ ತೂತಿನಿಂದ ಇಣುಕಿದಾಗ 5 ಇಂಚಿನದಕ್ಕೆ ಹೋಗಿ, ನೇರ 8ಕ್ಕೆ ಹಾರಬೇಡಿ. ದೊಡ್ಡ ಕುಂಡದಲ್ಲಿ ಬೇರು ತಲುಪದ ಜಾಗದ ನೀರು ವಾರಗಟ್ಟಲೆ ಆರದೆ ಉಳಿಯುತ್ತದೆ. ಎರಡು ಮೂರು ವರ್ಷ ಒಂದೇ ಕುಂಡದಲ್ಲಿದ್ದರೂ ಇದಕ್ಕೆ ಬೇಸರವಿಲ್ಲ.

ನೀರಿನ ವಿಷಯದಲ್ಲಿ ಕ್ಯಾಲೆಂಡರ್ ನಂಬಬೇಡಿ. ಬೆರಳನ್ನು 2 ಇಂಚು ಇಳಿಸಿ ನೋಡಿ, ಅಥವಾ ಕುಂಡ ಎತ್ತಿ ತೂಕ ನೋಡಿ. ಒಣಗಿದ್ದರೆ ತಳದಿಂದ ಹರಿಯುವವರೆಗೆ ಹುಯ್ದು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಬೆಂಗಳೂರು, ಮೈಸೂರಿನ ಬೇಸಿಗೆಯಲ್ಲಿ ಇದು 5ರಿಂದ 7 ದಿನಕ್ಕೊಮ್ಮೆ ಬರಬಹುದು. ಮಳೆಗಾಲದ ಮಂಗಳೂರಿನಲ್ಲಿ ಎರಡು ವಾರ ಮುಟ್ಟುವುದೇ ಬೇಡವಾದೀತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಾದರೆ ಕಿಟಕಿಯ ಗಾಜಿನಿಂದ ಒಳಗೆ ಸರಿಸಿ, ಬೆಳಗಿನ ಹೊತ್ತು ನೀರು ಕೊಡಿ.

ಎಲೆ ಸುಕ್ಕಾದಾಗ ಎಲ್ಲರೂ ಎಡವುತ್ತಾರೆ. ನೀರಿಲ್ಲದೆಯೂ ಎಲೆ ಸುಕ್ಕಾಗುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಸುಕ್ಕಾಗುತ್ತದೆ, ಏಕೆಂದರೆ ಕೊಳೆತ ಬೇರು ನೀರೆಳೆಯಲಾರದು. ಕುಂಡ ಹಗುರವಾಗಿದ್ದರೆ ನೀರು ಹಾಕಿ, ಒಂದೆರಡು ದಿನದಲ್ಲಿ ಎಲೆ ಬಿಗಿಯಾಗುತ್ತದೆ. ಕುಂಡ ಭಾರವಾಗಿದ್ದೂ ಎಲೆ ಮೆತ್ತಗಿದ್ದರೆ ಗಿಡ ಹೊರತೆಗೆಯಿರಿ. ಕಂದಾಗಿ ಲೊಳಲೊಳ ಎನ್ನುವ ಬೇರನ್ನೆಲ್ಲ ಕತ್ತರಿಸಿ, ಅರ್ಧ ದಿನ ನೆರಳಲ್ಲಿ ಆರಿಸಿ, ಹೊಸ ಮಿಶ್ರಣದಲ್ಲಿ ಚಿಕ್ಕ ಕುಂಡಕ್ಕೆ ನೆಡಿ. ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದೆ. ಎರಡು ತಿಂಗಳಿಗೊಮ್ಮೆ ಮಳೆನೀರನ್ನೋ ಕುಡಿಯುವ ನೀರನ್ನೋ ಧಾರಾಳವಾಗಿ ಹರಿಸಿ ಉಪ್ಪು ತೊಳೆಯಿರಿ.

ಇನ್ನು ಬೆಳಕು. ನಡುಮನೆಯ ಟೀಪಾಯಿಯ ಮೇಲೆ ಹೋಯಾ ವರ್ಷಗಟ್ಟಲೆ ಬದುಕುತ್ತದೆ, ಹೂ ಮಾತ್ರ ಬಿಡುವುದಿಲ್ಲ. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು: ಎಳೆಬಿಸಿಲು ಎರಡು ಮೂರು ಗಂಟೆ, ಆಮೇಲೆ ಬರೀ ಬೆಳಕು. ಪಶ್ಚಿಮದ ಕಿಟಕಿಗೆ ತೆಳು ಪರದೆ ಬೇಕು. ದಕ್ಷಿಣದ ಕಿಟಕಿಯಲ್ಲಿ ನಮ್ಮಲ್ಲಿ ಚಳಿಗಾಲಕ್ಕೇ ಹೆಚ್ಚು ಬಿಸಿಲು, ಸೂರ್ಯ ಆಗ ಆ ಕಡೆ ವಾಲಿರುತ್ತಾನೆ. ಮಧ್ಯಾಹ್ನ ಬಿಳಿ ಹಾಳೆಯ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿದು ನೋಡಿ. ಅಂಚು ಮಸುಕಾದರೂ ಬೆರಳುಗಳು ಗುರುತು ಸಿಗುವಷ್ಟು ನೆರಳು ಬಿದ್ದರೆ ಸಾಕಷ್ಟು ಬೆಳಕಿದೆ, ನೆರಳೇ ಬೀಳದಿದ್ದರೆ ಜಾಗ ಬದಲಿಸಿ. ಎಲೆ ಹಳದಿಗೆ ತಿರುಗಿ ಕಂದು ಕಲೆ ಬಿದ್ದರೆ ಬಿಸಿಲು ಹೆಚ್ಚಾಯಿತು.

ಬೆಳಕು ಸರಿಯಿದ್ದೂ ಹೂವಿಲ್ಲವೆಂದರೆ ಕತ್ತರಿಯ ಮೇಲೆ ಅನುಮಾನಪಡಿ. ಎಲೆಯೇ ಇಲ್ಲದ ಉದ್ದನೆಯ ಬಳ್ಳಿ ಗಾಳಿಯಲ್ಲಿ ತೂಗಾಡುವುದು ಕಂಡರೆ ಕೈ ತುರಿಸುವುದು ಸಹಜ. ಕತ್ತರಿಸಬೇಡಿ, ಆ ಬಳ್ಳಿಗೆ ಎಲೆ ತಡವಾಗಿ ಬರುತ್ತದೆ, ಹೂವೂ ಅಲ್ಲೇ ಬರಬಹುದು. ತಂತಿಯ ಬಳೆಗೆ ಮೆಲ್ಲಗೆ ಸುತ್ತಿಬಿಡಿ. ಹೂ ಉದುರಿದ ಮೇಲೆ ಉಳಿಯುವ ಗಿಡ್ಡ ಮೋಟನ್ನಂತೂ ಮುಟ್ಟಲೇಬಾರದು. ಮುಂದಿನ ಸಲ ಅದರ ತುದಿಯಿಂದಲೇ ಹೊಸ ಗೊಂಚಲು ಹೊರಡುತ್ತದೆ. ಒಣಗಿದ ಕಡ್ಡಿ ಎಂದು ಚಿವುಟಿದರೆ ಅಲ್ಲಿನ ಹೂವು ಹೋಯಿತು.

ಮೊಗ್ಗು ಕಂಡ ಮೇಲೆ ಕುಂಡವನ್ನು ಕೋಣೆಯಿಂದ ಕೋಣೆಗೆ ಸಾಗಿಸಬೇಡಿ, ಪೂರ್ತಿ ಒಣಗಲೂ ಬಿಡಬೇಡಿ. ಮೊಗ್ಗು ಅರಳದೆ ಹಳದಿಯಾಗಿ ಉದುರುವುದಕ್ಕೆ ಹೆಚ್ಚಾಗಿ ಇವೆರಡೇ ಕಾರಣ. ಅರಳಿದ ಗೊಂಚಲಿನಿಂದ ಅಂಟು ಜೇನು ತೊಟ್ಟಿಕ್ಕುತ್ತದೆ. ಕೆಳಗೆ ಸೋಫಾ ಇದ್ದರೆ ಸೋಫಾ ಸರಿಸಿ, ಕುಂಡವನ್ನಲ್ಲ. ಕಡ್ಡಿಯಿಂದ ಬೆಳೆಸಿದ ಗಿಡಕ್ಕೆ ಮೊದಲ ಹೂವಿಗೆ ಎರಡು ಮೂರು ವರ್ಷ ಬೇಕಾಗುವುದು ಸಾಮಾನ್ಯ.

ಗೊಬ್ಬರದ್ದು ಸಣ್ಣ ಮಾತು: ಚಿಗುರುವ ಕಾಲದಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಅನ್ನು ಲೀಟರಿಗೆ ಅರ್ಧ ಗ್ರಾಂ ಕರಗಿಸಿ, ತೇವವಿರುವ ಮಿಶ್ರಣಕ್ಕೆ 15 ದಿನಕ್ಕೊಮ್ಮೆ. ಚಳಿಗಾಲದಲ್ಲಿ ಬೇಡ.

ಕೀಟಗಳಲ್ಲಿ ಹಿಟ್ಟು ತಿಗಣೆಯೇ ದೊಡ್ಡ ಶತ್ರು. ಎಲೆ ಮತ್ತು ಬಳ್ಳಿ ಸೇರುವ ಸಂದಿಯಲ್ಲಿ ಹತ್ತಿಯ ಚೂರಿನಂತೆ ಕೂತಿರುತ್ತದೆ. ಸುರುಳಿ ಎಲೆಯ ಹೋಯಾದಲ್ಲಿ ಕಾಣಿಸದೆಯೇ ತುಂಬಿಕೊಳ್ಳುತ್ತದೆ, ಹಾಗಾಗಿ ಅದನ್ನು ಕೊಳ್ಳುವಾಗ ಪ್ರತಿ ಸುರುಳಿ ಬಿಡಿಸಿ ನೋಡಿ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ನಂತರ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 1 ಮಿಲಿ ದ್ರವ ಸೋಪು ಕಲಸಿ ಸಂಜೆ ಸಿಂಪಡಿಸಿ. ಮೊಟ್ಟೆಯಿಂದ ಹೊಸ ಮರಿ ಬರುವುದರಿಂದ ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಲೇಬೇಕು. ಎಕ್ಕದ ಗಿಡಕ್ಕೆ ಮುತ್ತುವ ಹಳದಿ ಹೇನು ಮೊಗ್ಗಿಗೂ ಬರಬಹುದು. ಅದಕ್ಕೆ ಬರೀ ನೀರು ಚಿಮ್ಮಿಸಿದರೆ ಸಾಕು.

ಹೊಸ ಗಿಡ ಮಾಡಲು ಎರಡು ಗೆಣ್ಣಿರುವ ತುಂಡು ಕತ್ತರಿಸಿ, ಹಾಲು ಒರೆಸಿ, ಗಾಯ ಒಂದೆರಡು ಗಂಟೆ ಒಣಗಲು ಬಿಡಿ. ಕೆಳಗಿನ ಗೆಣ್ಣಿನ ಎಲೆ ತೆಗೆದು ಆ ಗೆಣ್ಣು ಒದ್ದೆ ಕೋಕೋಪೀಟಿನೊಳಗೆ ಹೋಗುವಂತೆ ಊರಿ, ಮೇಲೆ ಪಾರದರ್ಶಕ ಕವರು ಸಡಿಲವಾಗಿ ಮುಚ್ಚಿ. ಸುಮಾರು 3ರಿಂದ 6 ವಾರದಲ್ಲಿ ಬೇರು ಬರುತ್ತದೆ. ಚಿಗುರು ಹೊರಡುವುದು ಗೆಣ್ಣಿನಿಂದ ಮಾತ್ರ. ಅಂಗಡಿಗಳಲ್ಲಿ ಪುಟ್ಟ ಕುಂಡಕ್ಕೆ ಊರಿ ಮಾರುವ ಹೃದಯದಾಕಾರದ ಒಂಟಿ ಎಲೆ, ಅಂದರೆ ಹೋಯಾ ಕೆರಿಯೈ, ವರ್ಷಗಟ್ಟಲೆ ಹಸಿರಾಗಿದ್ದೂ ಬಳ್ಳಿಯಾಗದಿರುವುದು ಇದಕ್ಕೇ. ಕೊಳ್ಳುವ ಮುಂಚೆ ಮಣ್ಣು ಸ್ವಲ್ಪ ಸರಿಸಿ, ತೊಟ್ಟಿನ ಬುಡದಲ್ಲಿ ಬಳ್ಳಿಯ ತುಂಡಿದೆಯೇ ನೋಡಿಕೊಳ್ಳಿ.